ಇಪ್ಪತ್ಮೂರನೆಯ ಚಿತ್ರ

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಒಂದೇಟಕ್ಕ ಎಂದೇ ಕರೆಯುತ್ತಿದ್ದರು. ಕೈ ಎತ್ತುವ ಹೆಂಗಸೇನಲ್ಲ. ಮೈದಾನದಲ್ಲಿ ಬೇರೆ ಫೋಟೋಗ್ರಾಫರುಗಳು ಹತ್ತು ಸಲ ಬಟನ್ ಒತ್ತುವ ಕಡೆ ಇವಳು ಒಂದೇ ಸಲ ಒತ್ತುತ್ತಿದ್ದಳು. ಆ ಒಂದರಲ್ಲೇ ಚೆಂಡೂ ಇರುತ್ತಿತ್ತು, ಚೆಂಡಿಗೆ ಚಾಚಿದ ಕೈಯೂ ಇರುತ್ತಿತ್ತು, ಆ ಕೈಯವನ ಮುಖದಲ್ಲಿ ಏನಾಗುತ್ತಿದೆಯೋ ಅದೂ ಇರುತ್ತಿತ್ತು. ಫೋಟೋಗಳನ್ನು ಆರಿಸಿ ಪುಟಕ್ಕೆ ಕೂರಿಸುವುದು ಆಗ ನನ್ನ ಕೆಲಸ. ಹದಿನೆಂಟು ವರ್ಷ ಅವಳ ಚಿತ್ರಗಳನ್ನು ನೋಡಿದ್ದೇನೆ. ಅವಳು ಪಂದ್ಯಕ್ಕೆ ಹೋಗಿ ಬಂದ ದಿನ ನನಗೆ ಆರಿಸುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಅವಳು ಕಲಿತದ್ದು ರೀಲಿನ ಕಾಲದಲ್ಲಿ. ಒಂದು ಪಂದ್ಯಕ್ಕೆ ಕಚೇರಿಯಿಂದ ಒಂದೇ ರೀಲು, ಅದರಲ್ಲಿ ಮೂವತ್ತಾರು ಚಿತ್ರ. ಹಾಗಾಗಿ ಉಸಿರು ಬಿಗಿಹಿಡಿದು ಕಾಯುವುದು ಅವಳಿಗೆ ಮೈಗೂಡಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಕಚೇರಿ ಕೊಟ್ಟಿದ್ದ ಕ್ಯಾಮೆರಾದ ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಐದು ಚಿತ್ರ ಬರುತ್ತಿದ್ದವು, ಅದೂ ಒಂಬತ್ತರ ತನಕ. ಒಂಬತ್ತಾದ ಮೇಲೆ ಅದು ತೆಗೆದದ್ದನ್ನೆಲ್ಲ ಕಾರ್ಡಿಗೆ ಇಳಿಸಿಕೊಳ್ಳುತ್ತಾ, ಕೆಂಪು ದೀಪ ಮಿಣುಕಿಸುತ್ತಾ ಕೂತುಬಿಡುತ್ತಿತ್ತು. ಆಗ ಎದುರಿಗೆ ಆಕಾಶ ಕಳಚಿ ಬಿದ್ದರೂ ಅದು ಅಲ್ಲಾಡುತ್ತಿರಲಿಲ್ಲ. "ಅದು ಉಂಡು ತೇಗೋ ಹೊತ್ತಿಗೆ ಆಟ ಮುಗಿದಿರುತ್ತೆ ಕಣೇ" ಎಂದು ನನ್ನ ಬಳಿ ನಗುತ್ತಿದ್ದಳು. ಒತ್ತಿ ಹಿಡಿಯುವ ಗೋಜಿಗೇ ಅವಳು ಹೋಗುತ್ತಿರಲಿಲ್ಲ.

ಅವರದು ಎರಡಂತಸ್ತಿನ ಮನೆ. ಕೆಳಗೆ ಅವಳು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಮತ್ತು ಅತ್ತೆ. ಮೇಲೆ ಮೈದುನ. ಮೈದುನ ನಲವತ್ತರ ಹತ್ತಿರ ಬಂದು ಮದುವೆಯಾದ. ಬಂದವಳು ಮೂಳೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಮುರಿದವರು ಮತ್ತೆ ನಡೆಯಲು ಕಲಿಯುವಾಗ ಅವರ ಹೆಜ್ಜೆಯನ್ನು ವಿಡಿಯೋ ಮಾಡಿಕೊಂಡು, ನಿಧಾನಕ್ಕೆ ಓಡಿಸಿ, ಹಿಮ್ಮಡಿ ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವುದು ಅವಳ ದಿನದ ಕೆಲಸ. ಹಾಗೆ ನೋಡುತ್ತಾ ನೋಡುತ್ತಾ ಅವಳಿಗೆ ಓಡುವವರ, ಜಿಗಿಯುವವರ ಹುಚ್ಚು ಹಿಡಿಯಿತು. ಆಸ್ಪತ್ರೆ ಬಿಟ್ಟಳು. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಹೊಸ ಕ್ಯಾಮೆರಾ ಕೊಂಡಳು. ಎಲ್ಲ ಪತ್ರಿಕೆಗಳಿಗೂ ಚಿತ್ರ ಒದಗಿಸುವ ಏಜೆನ್ಸಿಯೊಂದಕ್ಕೆ ಸೇರಿಕೊಂಡಳು. ಹೀಗೆ ಒಂದೇ ಮನೆಯ ಓರಗಿತ್ತಿಯರಿಬ್ಬರು ಒಂದೇ ಮೈದಾನದ ಗೆರೆಯ ಹಿಂದೆ ಅಕ್ಕಪಕ್ಕ ಮೊಣಕಾಲೂರಿ ಕೂರುವ ಹಾಗಾಯಿತು.

ಮೊದಮೊದಲು ಒಂದೇಟಕ್ಕನಿಗೆ ಖುಷಿಯೇ ಆಗಿತ್ತು. ಯಾವ ಬಿಸಿಲಿಗೆ ಯಾವ ಬದಿ ಕೂರಬೇಕು, ಕಾವಲಿನವನ ಬಳಿ ಹೇಗೆ ಮಾತಾಡಿದರೆ ಒಳಗಿನ ಗೇಟು ತೆಗೆಯುತ್ತಾನೆ, ಎಲ್ಲವನ್ನೂ ಹೇಳಿಕೊಟ್ಟವಳು ಅವಳೇ.

"ಚೆಂಡನ್ನ ನೋಡ್ತಾ ಕೂರಬೇಡ. ಚೆಂಡು ನೋಡೋರ ಕಣ್ಣು ನೋಡು. ಚೆಂಡು ಎಲ್ಲಿಗೆ ಬರುತ್ತೆ ಅಂತ ಆ ಕಣ್ಣೇ ಹೇಳುತ್ತೆ."

"ಆಯ್ತಕ್ಕ" ಎಂದು ಕಿರಿಯವಳು ತಲೆಯಾಡಿಸುವಳು. ಮೂರು ತಿಂಗಳು ಕಳೆಯುವುದರೊಳಗೆ ಕೇಳುವುದೂ ನಿಂತಿತು, ತಲೆಯಾಡಿಸುವುದೂ ನಿಂತಿತು. ಕೇಳುವ ಅಗತ್ಯ ಅವಳಿಗಿರಲಿಲ್ಲ.

ಅವಳ ಮೊದಲ ದೊಡ್ಡ ಚಿತ್ರ ಈಜುಕೊಳದ್ದು. ಹುಡುಗಿಯೊಬ್ಬಳು ನೀರಿನಿಂದ ತಲೆ ಎತ್ತುತ್ತಿದ್ದಾಳೆ. ನೀರು ಇನ್ನೂ ಒಡೆದಿಲ್ಲ, ಮುಖದ ಮೇಲೆ ಗಾಜಿನ ಮುಸುಕಿನಂತೆ ನಿಂತಿದೆ, ಅದರೊಳಗೆ ಬಾಯಿ ಉಸಿರಿಗಾಗಿ ತೆರೆಯುತ್ತಿದೆ. ನಾಲ್ಕು ಪತ್ರಿಕೆಗಳು ಅದನ್ನು ಹಾಕಿದವು, ನಮ್ಮದೂ ಸೇರಿ. ಅತ್ತೆ ಅದನ್ನು ಕತ್ತರಿಸಿ ಕೆಳಗಿನ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಒಂದೇಟಕ್ಕನ ಇಪ್ಪತ್ತೆರಡು ವರ್ಷದ ಚಿತ್ರಗಳಲ್ಲಿ ಒಂದೂ ಆ ಬಾಗಿಲು ಹತ್ತಿರಲಿಲ್ಲ.

"ನನ್ನದು ಒಂದಾದ್ರೂ ಅಂಟಿಸಬೇಕು ಅನ್ನಿಸಲಿಲ್ವಾ ಅತ್ತೆ?" ಎಂದು ತಮಾಷೆಯ ದನಿಯಲ್ಲಿ ಕೇಳಿದಳಂತೆ.

"ನೀನು ಶುರು ಮಾಡಿದಾಗ ಮನೇಲಿ ಫ್ರಿಜ್ಜೇ ಇರಲಿಲ್ವಲ್ಲೇ" ಎಂದರಂತೆ ಅತ್ತೆ.

ಇದನ್ನು ನನಗೆ ಹೇಳುವಾಗ ನಕ್ಕಳು. ಆದರೆ ಅಂದಿನಿಂದ ಹಾಲು ತೆಗೆಯಲು ಹೋದಾಗಲೆಲ್ಲ ಆ ಈಜುಗಾರ್ತಿ ತನ್ನನ್ನೇ ನೋಡಿದ ಹಾಗಾಗುತ್ತಿತ್ತಂತೆ. ಒಂದು ದಿನ ಕಾಗದದ ಒಂದು ಮೂಲೆ ಕಿತ್ತುಬಂದು ಜೋತಾಡುತ್ತಿತ್ತು. ಮತ್ತೆ ಅಂಟಿಸಲಿಲ್ಲ, ಕೀಳಲೂ ಇಲ್ಲ. ಬಾಗಿಲನ್ನು ಮಾತ್ರ ಬೇಕೆಂದೇ ಜೋರಾಗಿ ಹಾಕತೊಡಗಿದಳು.

ಹೊಟ್ಟೆಕಿಚ್ಚು ಹೊಗೆಯಾಡಲು ಶುರುವಾದದ್ದು ಹಾಗೆ. ಅದಕ್ಕೆ ಗಾಳಿ ಹಾಕಿದ್ದು ಮಾತ್ರ ಆ ಹೊಸ ಕ್ಯಾಮೆರಾದ ಮೌನ. ಹಳೆಯ ಕ್ಯಾಮೆರಾಗಳಿಗೆ ಸದ್ದಿರುತ್ತದೆ. ಪಕ್ಕದವನು ಯಾವಾಗ ಒತ್ತಿದ ಎಂದು ಕಿವಿಗೆ ತಿಳಿಯುತ್ತದೆ. ಒಂದೇಟಕ್ಕ ಎಷ್ಟೋ ವರ್ಷ ಆ ಸದ್ದಿನಲ್ಲೇ ಗೆದ್ದಿದ್ದಳು. ಬೇರೆಯವರ ಟಕಟಕ ಶುರುವಾಗುವ ಮೊದಲೇ ತನ್ನದು ಮುಗಿದಿರುತ್ತಿತ್ತು, ಅದು ಅವಳಿಗೆ ಒಳಗೊಳಗೇ ಹೆಮ್ಮೆ. ಕಿರಿಯವಳ ಕ್ಯಾಮೆರಾ ಉಸಿರೇ ಎತ್ತುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಅದು ಎಷ್ಟು ನುಂಗಿತು, ಯಾವಾಗ ನುಂಗಿತು ಒಂದೂ ಗೊತ್ತಾಗುತ್ತಿರಲಿಲ್ಲ. ಸಂಜೆ ಅವಳ ಲ್ಯಾಪ್‌ಟಾಪಿನಲ್ಲಿ ಕಂಡಾಗಲೇ ತಾನು ಸೋತದ್ದು ತಿಳಿಯುತ್ತಿತ್ತು.

"ಮಳೆ ಸುರಿದ ಹಾಗೆ ಸುರಿಸಿದ್ರೆ ಯಾವುದೋ ಒಂದು ಹನಿ ಕೊಡದೊಳಗೆ ಬೀಳುತ್ತೆ. ಅದೇನು ವಿದ್ಯೆನಾ?" ಎಂದು ನನ್ನ ಮೇಜಿನ ಬಳಿ ಬಂದು ಮೂಗು ಮುರಿದಳು ಒಂದು ದಿನ.

ಸತ್ಯ ಅವಳಿಗೂ ಗೊತ್ತಿತ್ತು. ಹರ್ಡಲ್ಸ್ ಓಡುವ ಹೆಂಗಸು ಸೆಕೆಂಡಿಗೆ ಎಂಟು ಮೀಟರ್ ದಾಟುತ್ತಾಳೆ. ಸೆಕೆಂಡಿಗೆ ಐದು ಚಿತ್ರವಾದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಅವಳು ಮೂರೂವರೆ ಮೊಳ ಮುಂದೆ ಹೋಗಿರುತ್ತಾಳೆ. ಆ ಮೂರೂವರೆ ಮೊಳದಲ್ಲಿ ಏನೇನಾಯಿತೋ ಅದು ಯಾವ ಚಿತ್ರಕ್ಕೂ ಸಿಕ್ಕುವುದಿಲ್ಲ. ಇಪ್ಪತ್ತು ಚಿತ್ರವಾದರೆ ಒಂದು ಮೊಳಕ್ಕಿಂತ ಹೆಚ್ಚು ಏನೂ ಕಳೆದುಹೋಗುವುದಿಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿರುವುದಕ್ಕೆ ಒಂದೇ ಏಟು ಸಾಕು. ಯಾರೂ ನೆನೆಸದೆ ಇರುವುದು ನಡೆದಾಗ ಬೇಕಾಗುವುದು ವೇಗವೇ.

ನೆನೆಸದೆ ಇರುವುದು ನಡೆದದ್ದು ಆ ವರ್ಷದ ಹರ್ಡಲ್ಸ್ ಫೈನಲಿನಲ್ಲಿ.

ಹತ್ತು ಅಡ್ಡಗಟ್ಟೆ, ನೂರು ಮೀಟರ್. ಗೆಲ್ಲುವವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮೂರು ವರ್ಷದಿಂದ ಅವಳೇ ಗೆಲ್ಲುತ್ತಿದ್ದಳು. ಓರಗಿತ್ತಿಯರಿಬ್ಬರೂ ಗುರಿಯ ಗೆರೆಯ ಆಚೆ, ಓಟಗಾರ್ತಿಯರ ಮುಖಕ್ಕೆ ನೇರವಾಗಿ ಕೂತಿದ್ದರು. ಹಿಂದಿನ ವಾರವಷ್ಟೇ ಕಿರಿಯವಳ ಇನ್ನೊಂದು ಚಿತ್ರ ಎಲ್ಲ ಕಡೆ ಬಂದಿತ್ತು. ಆ ಉರಿಯಲ್ಲಿ ಒಂದೇಟಕ್ಕ ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಎಂಟನೆಯ ಗಟ್ಟೆಯ ಬಳಿಯೇ ಬಟನ್ ಒತ್ತಿ ಹಿಡಿದಳು. ಟಕಟಕಟಕ ಎಂದು ಒಂಬತ್ತು ಚಿತ್ರ ಓಡಿದವು. ಹತ್ತನೆಯ ಗಟ್ಟೆ ಬರುವಷ್ಟರಲ್ಲಿ ಕೆಂಪು ದೀಪ.

ಹತ್ತನೆಯ ಗಟ್ಟೆಗೆ ಮುಂದಿದ್ದವಳ ಹಿಂದಿನ ಕಾಲಿನ ತುದಿ ತಗುಲಿತು. ಅವಳು ಅಡ್ಡಡ್ಡಲಾಗಿ ಗಾಳಿಯಲ್ಲಿ ತೇಲಿ ಬಿದ್ದಳು. ಪಕ್ಕದ ಸಾಲಿನವಳು ದಾಟಿ ಹೋಗಿ ಗೆದ್ದಳು. ಒಂದೇಟಕ್ಕ ಅದನ್ನೆಲ್ಲ ಕಣ್ಣಾರೆ ಕಂಡಳು. ಬೆರಳು ಒತ್ತುತ್ತಲೇ ಇತ್ತು, ಕ್ಯಾಮೆರಾ ಸತ್ತಂತಿತ್ತು.

"ನವಿಲನ್ನ ನೋಡಿ ಕೆಂಬೂತ ಪುಕ್ಕ ತರಕೊಂಡ ಹಾಗಾಯ್ತು ನನ್ನ ಕಥೆ" ಎಂದು ಆಮೇಲೆ ಅವಳೇ ಹೇಳಿದಳು. "ನನ್ನ ಪಾಡಿಗೆ ನಾನು ಕಾದಿದ್ರೆ ಹತ್ತನೇ ಗಟ್ಟೆ ನಂದೇ ಆಗಿತ್ತು. ನಾನು ಒತ್ತೋದೇ ಯಾವಾಗಲೂ ಕೊನೇ ಗಟ್ಟೆಗೆ."

ಮುಂದಿನದು ನಡೆದದ್ದು ಕ್ರೀಡಾಂಗಣದ ಕೆಳಗಿನ ಪತ್ರಕರ್ತರ ಕೋಣೆಯಲ್ಲಿ. ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ನೆಲದ ತುಂಬ ಹಾವುಗಳಂತೆ ವೈರುಗಳು. ಒಂದೇಟಕ್ಕ ಗೆದ್ದವಳ ಸಾಧಾರಣ ಚಿತ್ರವೊಂದನ್ನು ನನಗೆ ಕಳಿಸಿ, ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಕಿರಿಯವಳು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದಳು.

"ಅಕ್ಕ, ಏಜೆನ್ಸಿಗೆ ಒಂದೇ ಕಳಿಸಬೇಕಂತೆ, ಅದೂ ಹತ್ತು ನಿಮಿಷದಲ್ಲಿ. ಬಿದ್ದಿದ್ದು ನಲವತ್ತು ಚಿತ್ರ ಇದೆ. ನನಗೆ ಎಲ್ಲಾ ಒಂದೇ ಥರ ಕಾಣ್ತಿದೆ. ಯಾವುದು ಹೇಳಿ?"

ನಲವತ್ತು ಚಿತ್ರ. ಬಿದ್ದದ್ದು ಎರಡು ಸೆಕೆಂಡಿನಲ್ಲಿ ಮುಗಿದ ಸಂಗತಿ, ಇಲ್ಲಿ ಅದು ಒಂದೊಂದು ಮೊಳವಾಗಿ ಬಿಚ್ಚಿಕೊಂಡಿತ್ತು. ಮೊದಲಿನವುಗಳಲ್ಲಿ ಓಟಗಾರ್ತಿಗೆ ತಾನು ಬೀಳುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ಕೊನೆಯವುಗಳಲ್ಲಿ ಮುಖ ನೆಲಕ್ಕೆ ಒತ್ತಿದೆ, ಕೈಗಳು ತಲೆಯನ್ನು ಮುಚ್ಚಿವೆ. ನಡುವೆ ಒಂದರಲ್ಲಿ, ಇಪ್ಪತ್ಮೂರನೆಯದರಲ್ಲಿ, ಅವಳು ನೆಲಕ್ಕೆ ಸಮನಾಗಿ ಗಾಳಿಯಲ್ಲಿದ್ದಾಳೆ. ಬೀಳುವುದು ಖಚಿತ ಎಂದು ಮೈಗೆ ಗೊತ್ತಾಗಿದೆ. ಆದರೆ ಕಣ್ಣು ನೆಲವನ್ನು ನೋಡುತ್ತಿಲ್ಲ. ಗುರಿಯ ಗೆರೆಯನ್ನು ನೋಡುತ್ತಿದೆ. ಒಂದು ಕೈ ಅತ್ತಲೇ ಚಾಚಿದೆ. ಪಕ್ಕದ ಸಾಲಿನವಳು ದಾಟುತ್ತಾ ಅವಳನ್ನು ಓರೆಗಣ್ಣಿನಲ್ಲಿ ಕಾಣುತ್ತಿದ್ದಾಳೆ. ಇಪ್ಪತ್ತೆರಡರಲ್ಲಿ ಆ ನೋಟ ಇನ್ನೂ ಬಂದಿಲ್ಲ, ಇಪ್ಪತ್ನಾಲ್ಕರಲ್ಲಿ ಕಣ್ಣು ಮುಚ್ಚಿಹೋಗಿದೆ.

ಇಡೀ ಜನ್ಮದಲ್ಲಿ ತಾನು ಇಂಥದ್ದೊಂದು ತೆಗೆದಿಲ್ಲ ಎಂದು ಒಂದೇಟಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು. ಅದಕ್ಕೆ ಅವಳಿಗೆ ಎರಡನೆಯ ನೋಟವೇ ಬೇಕಾಗಲಿಲ್ಲ.

"ಮೂವತ್ನಾಲ್ಕು" ಎಂದಳು.

"ಇದಾ? ಮುಖ ಕಾಣಲ್ವಲ್ಲ?"

"ಮುಖ ಕಾಣದೇ ಇರೋದೇ ಚೆಂದ. ಸೋಲು ಅಂದ್ರೆ ಹಾಗೇ ಇರಬೇಕು."

"ನೀವು ಹೇಳಿದ ಮೇಲೆ ಮುಗೀತು" ಎಂದು ಕಿರಿಯವಳು ಮೂವತ್ನಾಲ್ಕನ್ನು ಕಳಿಸಿದಳು. ಮೂತಿ ನೆಲಕ್ಕೆ ಹೂತು, ತಲೆ ಮುಚ್ಚಿಕೊಂಡು ಬಿದ್ದ ಓಟಗಾರ್ತಿ. ಏಜೆನ್ಸಿಯಿಂದ ನನ್ನ ಮೇಜಿಗೂ ಅದೇ ಬಂತು. ಪರವಾಗಿಲ್ಲ ಅನ್ನಬಹುದಾದ ಚಿತ್ರ. ಹಾಕಿದೆ.

ಆ ಸಂಜೆ ಒಂದೇಟಕ್ಕನಿಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತನ್ನಷ್ಟಕ್ಕೆ ನಕ್ಕಳಂತೆ. ಮರುದಿನ ಬೆಳಿಗ್ಗೆ ಪತ್ರಿಕೆ ಬಿಚ್ಚಿದಾಗ ಆ ತೃಪ್ತಿ ಇಳಿದುಹೋಯಿತು. ಪುಟದ ಮೇಲೆ ಮೂವತ್ನಾಲ್ಕು ಇತ್ತು, ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಇಪ್ಪತ್ಮೂರು.

ಐದಾರು ದಿನದ ಮೇಲೆ ಇನ್ನೊಂದು ಪತ್ರಿಕೆಯ ಅಂಕಣಕಾರನೊಬ್ಬ ಆ ಓಟಗಾರ್ತಿಯ ಮೇಲೆ ಉದ್ದುದ್ದ ಬರೆದ. ಗೆದ್ದು ಗೆದ್ದು ಅವಳಿಗೆ ಹಸಿವು ಸತ್ತಿದೆ, ಬೀಳುವ ಮೊದಲೇ ಸೋಲೊಪ್ಪಿಕೊಂಡಿದ್ದಳು, ಬೇಕಾದರೆ ಚಿತ್ರ ನೋಡಿ, ಮುಖ ಮುಚ್ಚಿಕೊಂಡಿದ್ದಾಳೆ ಎಂದು. ಸಾಕ್ಷಿಗೆ ಮೂವತ್ನಾಲ್ಕನೆಯದನ್ನೇ ಅಚ್ಚು ಹಾಕಿದ್ದರು. ಒಂದೇಟಕ್ಕ ಅದನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಓದಿದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಒರೆಸಲಿಲ್ಲ, ಮೆಟ್ಟಿಲು ಹತ್ತಿ ಮೇಲಕ್ಕೆ ಹೋದಳು.

ಕಿರಿಯವಳು ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಹರ್ಡಲ್ಸ್‌ದು ಆ ನಲವತ್ತು ತೆಗಿ. ಇಪ್ಪತ್ಮೂರನೇದು ಬೇಕು."

"ಅದೆಲ್ಲಿದೆ ಅಕ್ಕ ಈಗ? ಕಳಿಸಿದ್ದೊಂದು ಇಟ್ಕೊಂಡು ಮಿಕ್ಕಿದ್ದೆಲ್ಲ ಅಳಿಸಿಬಿಡ್ತೀನಿ. ಒಂದೊಂದು ದಿನಕ್ಕೆ ಮೂರು ಸಾವಿರ ಆಗುತ್ತೆ, ಎಲ್ಲಿ ಇಡಲಿ?"

"ಕಾರ್ಡಿನಲ್ಲಿ?"

"ಅದರ ಮೇಲೆ ಆಮೇಲೆ ನಾಲ್ಕು ಪಂದ್ಯ ತೆಗೆದಾಯ್ತು. ಯಾಕೆ, ಏನಿತ್ತು ಇಪ್ಪತ್ಮೂರಲ್ಲಿ?"

ಒಂದೇಟಕ್ಕ ಹೇಳಿದಳು. ಕಣ್ಣು, ಕೈ, ಪಕ್ಕದವಳ ಓರೆನೋಟ, ಎಲ್ಲ. ಕಿರಿಯವಳು ಕೈಯಲ್ಲಿದ್ದ ಅಂಗಿಯನ್ನು ಹಾಸಿಗೆಯ ಮೇಲಿಟ್ಟಳು.

"ಅವತ್ತು ನೀವು ಮೂವತ್ನಾಲ್ಕು ಅಂದ್ರಿ."

"ಹೂಂ."

"ಆಮೇಲೆ ಮನೆಗೆ ಬಂದು ಯೋಚನೆ ಮಾಡಿದಾಗ ಹೊಳೀತಾ?"

ತಪ್ಪಿಸಿಕೊಳ್ಳುವುದಕ್ಕೆ ದಾರಿ ಸಿಕ್ಕಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಯಾಕೆ ಹೌದು ಎನ್ನಲಿಲ್ಲವೋ ತನಗೂ ಗೊತ್ತಿಲ್ಲ ಎಂದು ಒಂದೇಟಕ್ಕ ನನಗೆ ಹೇಳಿದ್ದಾಳೆ.

"ಇಲ್ಲ. ಅವತ್ತೇ ಗೊತ್ತಿತ್ತು."

ಕಿರಿಯವಳು ಕೂಗಾಡಲಿಲ್ಲ. "ಇಪ್ಪತ್ತು ತೆಗಿಯೋದು ಕ್ಯಾಮೆರಾ, ಅಕ್ಕ. ಆರಿಸೋದು ನನಗಿನ್ನೂ ಬರಲ್ಲ. ಎದುರಿಗೆ ಅಷ್ಟೊಂದು ಹರಡಿಕೊಂಡ್ರೆ ತಲೆ ತಿರುಗುತ್ತೆ. ನಿಮ್ಮ ಕಣ್ಣನ್ನ ನಂಬಿಕೊಂಡು ಈ ಕೆಲಸಕ್ಕೆ ಬಂದೆ ನಾನು." ಆಮೇಲೆ ಬಾಗಿಲ ಕಡೆ ಕೈ ತೋರಿಸಿದಳು. "ಕೆಳಗೆ ಹೋಗಿ."

ಒಂದೇಟಕ್ಕ ಅಲ್ಲಿಂದ ನೇರವಾಗಿ ಕಚೇರಿಗೆ ಬಂದು ನನ್ನೆದುರು ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ ಅವಳೇ ಒಂದು ಕಾಗದ ಎಳೆದುಕೊಂಡು ನಾಲ್ಕು ಸಾಲು ಬರೆದಳು. ಬೀಳುವಾಗ ಆ ಓಟಗಾರ್ತಿಯ ಕಣ್ಣು ಗುರಿಯ ಮೇಲಿತ್ತು, ಕೈ ಗುರಿಯ ಕಡೆಗೇ ಚಾಚಿತ್ತು, ಅದನ್ನು ತೋರಿಸುವ ಚಿತ್ರವನ್ನು ನಾನು ನೋಡಿದ್ದೇನೆ, ಅದು ಹೊರಗೆ ಬಾರದಿದ್ದದ್ದು ನನ್ನ ತಪ್ಪಿನಿಂದ ಎಂದು. ಕೆಳಗೆ ತನ್ನ ನಿಜವಾದ ಹೆಸರು. ಸಂಪಾದಕರು ಹುಬ್ಬು ಗಂಟಿಕ್ಕಿದರು, ಆದರೂ ಬಿಟ್ಟರು. ಆಟದ ಪುಟದ ಮೂಲೆಯಲ್ಲಿ ಹಾಕಿದೆ. ಹೆಚ್ಚು ಜನ ಓದಿರಲಾರರು. ಓಟಗಾರ್ತಿ ಓದಿದ್ದಳು. ಒಂದೇಟಕ್ಕನಿಗೆ ಫೋನ್ ಮಾಡಿ, "ಆ ಚಿತ್ರ ಒಂದ್ಸಲ ತೋರಿಸ್ತೀರಾ?" ಎಂದು ಕೇಳಿದಳಂತೆ. ಇಲ್ಲ ಎಂದು ಹೇಳಬೇಕಾಯಿತು. ಅತ್ತ ಕಡೆಯಿಂದ ಫೋನ್ ಇಟ್ಟ ಸದ್ದು.

ಮನೆಯಲ್ಲಿ ಏಳು ತಿಂಗಳು ಮಾತು ನಿಂತಿತು. ಅತ್ತೆ ಮಾತ್ರ ಕೆಳಗಿನ ಸುದ್ದಿ ಮೇಲಕ್ಕೆ, ಮೇಲಿನ ಸುದ್ದಿ ಕೆಳಕ್ಕೆ ಒಯ್ಯುತ್ತಿದ್ದರು. "ನಿಮ್ಮಿಬ್ಬರ ಜಗಳದಲ್ಲಿ ನನ್ನ ಮೊಣಕಾಲು ಸವೆದು ಹೋಯ್ತು. ಕಾಲು ನೋಡೋಳು ಒಬ್ಬಳು ಮನೇಲೇ ಇದ್ರೂ ಪ್ರಯೋಜನ ಇಲ್ಲ" ಎಂದು ಗೊಣಗುತ್ತಿದ್ದರಂತೆ. ಮೈದಾನದಲ್ಲೂ ಓರಗಿತ್ತಿಯರು ಈಗ ಗೆರೆಯ ಎರಡು ತುದಿಗೆ.

ಆ ನಡುವೆ ಕಚೇರಿ ಹೊಸ ಕ್ಯಾಮೆರಾಗಳನ್ನು ತರಿಸಿತು. ಒಂದೇಟಕ್ಕನಿಗೂ ವೇಗದ್ದು ಸಿಕ್ಕಿತು. ಮೊದಲ ಪಂದ್ಯಕ್ಕೆ ಎರಡು ಸಾವಿರದ ಆರುನೂರು ಚಿತ್ರ ತಂದು ನನ್ನ ಮುಂದೆ ಸುರಿದಳು. ಇಬ್ಬರೂ ಕೂತು ಜಾಲಾಡಿ ಸುಸ್ತಾದೆವು. ನಿಧಾನಕ್ಕೆ ಕಲಿತಳು. ಮೊದಲಿನ ಹಾಗೆಯೇ ಉಸಿರು ಹಿಡಿದು ಕಾಯುವುದು, ಆ ಕ್ಷಣಕ್ಕೆ ಒಂದು ಹೆಜ್ಜೆ ಮೊದಲು ಶುರುಮಾಡಿ, ಏಳೆಂಟು ಚಿತ್ರವಾದ ಕೂಡಲೇ ಬೆರಳು ತೆಗೆಯುವುದು. ಚೆನ್ನಾಗಿಯೇ ಬರುತ್ತಿತ್ತು. ಆದರೆ ಹಳೆಯ ಸಂತೋಷ ಅವಳ ಮುಖದಲ್ಲಿ ನಾನು ಕಾಣಲಿಲ್ಲ. ಎರಡು ವರ್ಷದಲ್ಲಿ ಅವಳ ಮೊಣಕಾಲೂ ಕೈಕೊಟ್ಟಿತು. ನೆಲದಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ನನ್ನನ್ನು ವಾರದ ಪುರವಣಿಗೆ ಹಾಕಿದರು. ಚಿತ್ರ ಆರಿಸುವ ನನ್ನ ಕುರ್ಚಿಗೆ ಅವಳು ಬಂದಳು.

ಆ ಕುರ್ಚಿಗೆ ಕಿರಿಯವಳ ಚಿತ್ರಗಳೂ ಬರುತ್ತವೆ. ಆ ಘಟನೆಯ ನಂತರ ಅವಳು ಯಾರನ್ನೂ ಕೇಳದೆ ತಾನೇ ಆರಿಸಿ ಮೂರೋ ನಾಲ್ಕೋ ಕಳಿಸುತ್ತಿದ್ದಳು. ಮನೆಯಲ್ಲಿ ಮಾತು ಮತ್ತೆ ಶುರುವಾಗಿತ್ತು, ಹಾಲು, ನೀರಿನ ಬಿಲ್ಲು, ಅತ್ತೆಯ ಮಾತ್ರೆ, ಇಷ್ಟಕ್ಕೆ. ಹೀಗಿರುವಾಗ ಒಂದು ಮಧ್ಯಾಹ್ನ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಿಂದ ಅವಳು ಅರವತ್ತು ಚಿತ್ರ ಒಟ್ಟಿಗೆ ಕಳಿಸಿದಳು. ಅಡ್ಡಕಂಬಿಯಿಂದ ಕೈಬಿಟ್ಟು ಗಾಳಿಯಲ್ಲಿ ಸುತ್ತುವ ಹುಡುಗಿಯ ಮೂರು ಸೆಕೆಂಡು. ಜೊತೆಗೆ ಒಂದೇ ಪದ: "ಆರಿಸಿ."

ಒಂದೇಟಕ್ಕ ನನ್ನನ್ನು ಕರೆದು ತೋರಿಸಿದಳು. "ನೋಡೇ, ಪರೀಕ್ಷೆ ಇಟ್ಟಿದ್ದಾಳೆ ನನಗೆ."

"ಯಾವುದು?"

"ನಲವತ್ತೊಂದು." ಅವಳು ಆಗಲೇ ಆರಿಸಿದ್ದಳು. ಹುಡುಗಿ ತಲೆಕೆಳಗಾಗಿದ್ದಾಳೆ, ಕಂಬಿ ಕೈಗೆ ನಾಲ್ಕು ಬೆರಳು ದೂರ, ಹಿಡಿಯುತ್ತೇನೆ ಎಂಬ ಧೈರ್ಯವೂ ತಪ್ಪಿದರೆ ಎಂಬ ಭಯವೂ ಒಂದೇ ಮುಖದಲ್ಲಿವೆ. "ಇಲ್ಲಿ ಉರೀತಿದೆ ನನಗೆ" ಎಂದು ಹೊಟ್ಟೆ ಮುಟ್ಟಿಕೊಂಡಳು. "ಇಂಥದ್ದೊಂದು ನನಗೆ ಸಿಗಲೇ ಇಲ್ವಲ್ಲೇ." ಹಾಗೆನ್ನುತ್ತಲೇ ಅದನ್ನು ಐದು ಕಾಲಮ್ಮಿಗೆ ಎಳೆದು ಪುಟದ ನೆತ್ತಿಗೆ ಕೂರಿಸಿದಳು.

ಮರುದಿನ ಕಿರಿಯವಳು ಕೆಳಗೆ ಬಂದು, ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ನೋಡಿದಳಂತೆ. "ನಾನು ಮೂವತ್ತೆಂಟು ಅಂದ್ಕೊಂಡಿದ್ದೆ. ಇದೇ ಸರಿ" ಎಂದು ಹೇಳಿ ಮೇಲೆ ಹೋದಳಂತೆ.

ಆ ಚಿತ್ರಕ್ಕೆ ಆ ವರ್ಷದ ದೊಡ್ಡ ಬಹುಮಾನ ಬಂತು. ಸುದ್ದಿಯನ್ನು ಪುಟಕ್ಕೆ ಕೂರಿಸುವ ಕೆಲಸ ಒಂದೇಟಕ್ಕನ ಪಾಲಿಗೇ ಬಿತ್ತು. ಎರಡು ನಿಮಿಷದಲ್ಲಿ ತಲೆಬರಹ ಕೊಡುವವಳು ಅಂದು ಒಂದು ಗಂಟೆ ಕೂತಳು, ಬರೆದಳು, ಅಳಿಸಿದಳು, ನೀರು ಕುಡಿದು ಬಂದಳು. ಕೊನೆಗೆ ಉಳಿದದ್ದು ಓರಗಿತ್ತಿಯ ಹೆಸರು, ಬಹುಮಾನದ ಹೆಸರು, ಅಷ್ಟೇ.

"ಒಂದು ಒಳ್ಳೆ ಮಾತು ಸೇರಿಸೇ" ಎಂದೆ.

"ಸೇರಿಸಬೇಕು ಅಂತಲೇ ಇಷ್ಟು ಹೊತ್ತು ಕೂತಿದ್ದು" ಎಂದಳು. "ಇವತ್ತಿಗೆ ನನ್ನ ಕೈಲಿ ಇಷ್ಟೇ ಆಗೋದು. ಹೆಸರು ತಪ್ಪಿಲ್ಲದೆ ಬಂದಿದೆಯಾ ನೋಡು."

ನೋಡಿದೆ. ತಪ್ಪಿರಲಿಲ್ಲ.